ಅಣ್ಣನನ್ನೇ ಕೇಳಿ

ನಮ್ಮ ದೊಡ್ಡಮ್ಮನ ಮಗನಿಗೆ ಈಗ 41 ವರ್ಷ. ಆಟಿಸಂ ಇದೆ, ಮಾತು ಬರುವುದಿಲ್ಲ. ಕಿವಿ ಮಾತ್ರ ಚೆನ್ನಾಗಿ ಕೇಳುತ್ತದೆ. ಆದರೂ ಮಲ್ಲಂದೂರಿನಲ್ಲಿ ಅವನನ್ನು ನೋಡಿದವರೆಲ್ಲ ಕೇಳೋದು ದೊಡ್ಡಮ್ಮನನ್ನೇ: "ಇವನಿಗೆ ಊಟ ಆಯ್ತಾ? ಇವನಿಗೆ ಚಳಿ ಆಗಲ್ವಾ?" ಅವನು ಅಲ್ಲೇ ನಿಂತಿರುತ್ತಾನೆ.

ಮಾತು ಬರುವುದು ಬೇರೆ, ಅರ್ಥ ಆಗುವುದು ಬೇರೆ. ಮೈಸೂರು, ಬೆಂಗಳೂರುಗಳಲ್ಲಿ ಬೆಳೆದ ಟೀಟೊ ರಾಜರ್ಷಿ ಮುಖೋಪಾಧ್ಯಾಯ ಎಂಬ ಹುಡುಗನಿಗೆ ಅವನ ತಾಯಿ ಸೋಮಾ ಅಕ್ಷರದ ಹಲಗೆ ಇಟ್ಟುಕೊಂಡು ಕಲಿಸಿದರು. ಅವನು ಬರೆದ 'ಬಿಯಾಂಡ್ ದಿ ಸೈಲೆನ್ಸ್' ಪುಸ್ತಕವನ್ನು 2000ದಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಪ್ರಕಟಿಸಿತು. ಎಲ್ಲರೂ ಹೀಗೆ ಬರೆಯುತ್ತಾರೆ ಅಂತಲ್ಲ. ಪಕ್ಕದವರು ಕೈಯನ್ನೋ ಹಲಗೆಯನ್ನೋ ಹಿಡಿದು ಬರೆಸುವ ಪದ್ಧತಿಗಳ ಬಗ್ಗೆ ತಜ್ಞರ ತಕರಾರೂ ಇದೆ: ಹೊರಬಂದ ಮಾತು ಯಾರದ್ದು? ಆ ಎಚ್ಚರ ಬೇಕೇ ಬೇಕು. ಆದರೆ ಬಾಯಿ ಸುಮ್ಮನಿದೆ ಅಂದ ಮಾತ್ರಕ್ಕೆ ಒಳಗೆ ಏನೂ ಇಲ್ಲ ಅಂದುಕೊಳ್ಳೋದು ಯಾವ ನ್ಯಾಯ?

ನಮ್ಮಣ್ಣ ಬರೆಯುವುದಿಲ್ಲ. ಆದರೆ ಅವನಿಗೆ ಅವನದೇ ಭಾಷೆ ಇದೆ. ಬೇಕಾದ್ದರ ಹತ್ತಿರ ನಮ್ಮ ಕೈ ಹಿಡಿದು ಕರೆದೊಯ್ಯುತ್ತಾನೆ. ಬೇಡದ್ದನ್ನು ಅಂಗೈ ಹಿಂಭಾಗದಿಂದ ತಳ್ಳುತ್ತಾನೆ. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಹರಡಿದ ಕಾಫಿಯನ್ನು ಗಂಟೆಗಟ್ಟಲೆ ತಿರುವಿ ಹಾಕುತ್ತಾನೆ, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸೋದಕ್ಕೆ ಯಾರೂ ಹೇಳಬೇಕಿಲ್ಲ. ಪಲ್ಪರ್ ಶುರುವಾದರೆ ಮಾತ್ರ ಕಿವಿ ಮುಚ್ಚಿಕೊಂಡು ತೋಟದೊಳಗೆ ಹೋಗಿಬಿಡುತ್ತಾನೆ. ಅದನ್ನು ಹಟ ಅನ್ನುವವರಿದ್ದಾರೆ. ನಮಗೆ ಬರೀ ಸದ್ದು, ಅವನಿಗೆ ನೋವು. ನೋವಿನಿಂದ ದೂರ ಹೋಗೋದು ಹಟ ಹೇಗಾಗುತ್ತದೆ?

ಚಿಕ್ಕಂದಿನಲ್ಲಿ ಥೆರಪಿ, ಶಾಲೆ, ಡಾಕ್ಟರು ಅಂತ ಓಡಾಟ ಇತ್ತು. ದೊಡ್ಡವನಾದ ಮೇಲೆ ಎಲ್ಲ ನಿಂತುಹೋಯಿತು, ಆಟಿಸಂ ಮಕ್ಕಳಿಗಷ್ಟೇ ಬರೋದು ಅನ್ನುವ ಹಾಗೆ. ಕಾನೂನಿನಲ್ಲಿ ಇವರಿಗೆ ಜಾಗ ಇದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲೂ ಆಟಿಸಂ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲೂ ಇದೆ. 18 ದಾಟಿದವರಿಗೆ ಅಗತ್ಯವಿದ್ದರೆ ಪೋಷಕರನ್ನು ನೇಮಿಸಲು ಜಿಲ್ಲಾ ಮಟ್ಟದಲ್ಲಿ ಸಮಿತಿಯೂ ಉಂಟು. ಬ್ಯಾಂಕಿನ ಸಹಿ, ಆಸ್ತಿಯ ಕಾಗದಕ್ಕೆ ಅದು ಬೇಕು. ಆದರೆ ಅವನು ಎಡಗೆನ್ನೆ ಉಜ್ಜಿಕೊಂಡರೆ ಹಲ್ಲುನೋವು ಅಂತ ಯಾವ ಆದೇಶಪತ್ರದಲ್ಲಿ ಬರೆದಿರುತ್ತದೆ? ಅದು ದೊಡ್ಡಮ್ಮನ ತಲೆಯಲ್ಲಿದೆ. ದೊಡ್ಡಮ್ಮನಿಗೆ 70 ದಾಟಿದೆ.

ಹಾಗಾಗಿ ಈ ಮಳೆಗಾಲದಲ್ಲಿ ನಾನು, ದೊಡ್ಡಮ್ಮ ಕೂತು ಒಂದು ನೋಟ್‌ಬುಕ್ಕಿನಲ್ಲಿ ಅವನ ಭಾಷೆ ಬರೆದಿಡುತ್ತಿದ್ದೇವೆ. ಯಾವ ಸದ್ದಿಗೆ ಏನರ್ಥ, ಯಾವುದಕ್ಕೆ ಹೆದರುತ್ತಾನೆ, ಹೆದರಿದಾಗ ಏನು ಮಾಡಬೇಕು, ಏನು ಮಾಡಲೇಬಾರದು. ಬರೀತಾ ಬರೀತಾ ಒಂದು ಗೊತ್ತಾಯಿತು: ಎಲ್ಲವೂ ದೊಡ್ಡಮ್ಮನಿಗೂ ಗೊತ್ತಿಲ್ಲ. ಅಂಗಡಿಯವರು ಎರಡು ಬಿಸ್ಕತ್ ಪೊಟ್ಟಣ ಎದುರಿಗಿಟ್ಟು ಸುಮ್ಮನೆ ಕಾಯುತ್ತಾರಂತೆ, ಅವನು ನಿಧಾನವಾಗಿ ಒಂದನ್ನು ಮುಟ್ಟುತ್ತಾನಂತೆ. ಪ್ರತಿ ಸಲ ಒಂದೇ ಅಲ್ಲ! ಇದನ್ನು ಅವರಿಗೆ ಯಾವ ಟ್ರೈನಿಂಗೂ ಕಲಿಸಿಲ್ಲ.

ಊರಿನಿಂದ ನಾವು ಕೇಳುವುದು ಇಷ್ಟೇ. ಮದುವೆಗೆ ಕರೆದರೆ ಅವನನ್ನೂ ಕರೆಯಿರಿ, ಸ್ಪೀಕರ್‌ನಿಂದ ದೂರ, ಪಂಕ್ತಿಯ ಕೊನೆಯಲ್ಲಿ ಎಲೆ ಹಾಕಿ. ಪಟಾಕಿ ಹೊಡೆಯುವ ಮುಂಚೆ ಒಂದು ಮಾತು ಹೇಳಿ. ಏನಾದರೂ ಕೇಳಬೇಕಿದ್ದರೆ ಅವನನ್ನೇ ಕೇಳಿ, ಉತ್ತರ ಬರುವ ತನಕ ಸ್ವಲ್ಪ ಕಾಯಿರಿ. ನಿಮಗೆ ಗೊತ್ತಾದದ್ದನ್ನು ನಮಗೂ ಹೇಳಿ. ನೋಟ್‌ಬುಕ್ಕಿನಲ್ಲಿ ಇನ್ನೂ ತುಂಬಾ ಹಾಳೆ ಖಾಲಿ ಇದೆ.