ಜ್ವಾಳದ ಆಚೀ ಕಡಿ

1986ರಲ್ಲಿ ನಮ್ಮ ಮನೆಗೆ ಯೆಜ್ಡಿ ಬಂತು. ಮೈಸೂರಿನಲ್ಲಿ ತಯಾರಾದ ಗಾಡಿ, 250 ಸಿಸಿ, ಟೂ-ಸ್ಟ್ರೋಕ್. ಅದರ ಕಿಕ್ಕು, ಗೇರು ಎರಡೂ ಒಂದೇ ಕಡ್ಡಿ. ಒಳಗೆ ಒತ್ತಿ ಎತ್ತಿದರೆ ಕಿಕ್, ಚಾಲೂ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರ್. ಮಹಾರಾಷ್ಟ್ರದ ಲೋಹಾರಾ ಸುತ್ತಿನ ದಾರಿಗಳಲ್ಲಿ ನಾನು ಜೋರು ಹೊಡೆಯಲು ಕಲಿತದ್ದು ಅದರ ಮೇಲೆ.

ಹೋಗಲು ನೆವಕ್ಕೆ ಬರ ಇರಲಿಲ್ಲ. ನಿಲಂಗಾ, ಉದಗೀರ 1956ರ ತನಕ ಬೀದರ ಜಿಲ್ಲೆಯಲ್ಲೇ ಇದ್ದ ಊರುಗಳು. ನಡುವೆ ರಾಜ್ಯದ ಗಡಿ ಬಂದ ಮೇಲೂ ಬೀಗತನ ಉಳಿದಿತ್ತು. ಭಾಲ್ಕಿಗೆ ಲಗ್ನದ ಕಾಗದ, ಆಳಂದಕ್ಕೆ ಸುದ್ದಿ, ಏನೇ ಇದ್ದರೂ ಗಾಡಿ ನಾನೇ ತೆಗೆಯುತ್ತಿದ್ದೆ. ನನಗೆ ಹೆದ್ದಾರಿ ಬೇಕಿರಲಿಲ್ಲ, ಒಳದಾರಿ ಬೇಕಿತ್ತು. ಒಳದಾರಿ ಬಾವಿ ಬಳಸಿ, ಬದು ಬಳಸಿ, ಹಳ್ಳಕ್ಕೆ ಇಳಿದು ಏರುತ್ತಿತ್ತು. ತಿರುವಿಗೆ ಮುಂಚೆ ಮೂರನೇ ಗೇರ್, ಗಾಡಿ ಒಳಮಗ್ಗುಲಿಗೆ ವಾಲಿಸುವುದು, ಆಚೆ ದಾರಿ ನೆಟ್ಟಗೆ ಕಂಡ ಕೂಡಲೇ ಆಕ್ಸಲರೇಟರ್ ತಿರುವುವುದು. ಆ ಒಂದು ಗಳಿಗೆಯ ಸುಖಕ್ಕಾಗಿ ಹತ್ತು ಮೈಲಿ ಸುತ್ತು ಹಾಕಿದ್ದೇನೆ.

ಎರೆ ಮಣ್ಣಿನ ದಾರಿ ಋತುವಿಗೊಂದು ಥರ. ಮಳೆಗಾಲದಲ್ಲಿ ಬಂಡಿಯ ಗಾಲಿಗೆ ಮೆತ್ತಿ ಬಂದ ಕೆಸರು ಡಾಂಬರಿನ ಮೇಲೆ ಬೆಣ್ಣೆಯಂತೆ ಜಾರುತ್ತಿತ್ತು. ಸುಗ್ಗಿಯಲ್ಲಿ ತೊಗರಿ ಕಟ್ಟಿಗೆಯನ್ನು ರಸ್ತೆಯ ಮೇಲೇ ಹರವುತ್ತಿದ್ದರು. ಎಲ್ಲಕ್ಕಿಂತ ಮೋಸ ಹಿಂಗಾರಿ ಜ್ವಾಳದ್ದು. ಪುಷ್ಯ ಮಾಸಕ್ಕೆ ಅದು ಆಳೆತ್ತರ ನಿಲ್ಲುತ್ತದೆ. ಕಟಾವಾದ ಮೇಲೆ ಮೈಲಿ ದೂರ ಕಾಣುವ ಅದೇ ತಿರುವು, ಆಗ ಗೋಡೆಯ ಹಿಂದೆ ಹೋಗುತ್ತದೆ.

ಅಂಥ ಒಂದು ತಿರುವಿನಲ್ಲಿ ಕಣಿಕೆ ಹೇರಿದ ಬಂಡಿ ಎದುರಾಯಿತು. ಬ್ರೇಕು ಎರಡೂ ಡ್ರಮ್ಮು, ಟೂ-ಸ್ಟ್ರೋಕ್ ಎಂಜಿನ್ನೂ ಗಾಡಿಯನ್ನು ಹಿಡಿಯುವುದಿಲ್ಲ. ಹೊಲದೊಳಗೆ ಹೋಗಿ ಬಿದ್ದೆ. ಮೊಣಕಾಲಿಗೆ ಆರು ಹೊಲಿಗೆ ಬಿತ್ತು. ಬಂಡಿಯ ಮುದುಕ ನನ್ನನ್ನು ಎಬ್ಬಿಸಿ ಕೂಡಿಸಿ, ನೀರು ಕೊಟ್ಟು ಕೇಳಿದ: ‘ತಮ್ಮಾ, ಜ್ವಾಳದ ಆಚೀ ಕಡಿ ನಿನಗ ಕಾಣ್ತದೇನು?’

ಆ ಒಳದಾರಿಗಳ ನಾಡಿನಲ್ಲೇ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪವಾಯಿತು. ಕಿಲ್ಲಾರಿ, ಸಾಸ್ತೂರು ಸೀಮೆಯಲ್ಲಿ ಸಾವಿರಾರು ಜನ ಸತ್ತರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮಲಗಿದವರ ಮೇಲೆ ಬಿದ್ದವು. ಮುಂದೆ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಹೊಸ ಊರಿನ ಬೀದಿ ಅಗಲ, ನೇರ. ಹಳೆಯ ಓಣಿ ಇಕ್ಕಟ್ಟಾಗಿ ಸುತ್ತಿ ಬಳಸಿ ಹೋಗುತ್ತಿತ್ತು, ಅದರ ಎರಡೂ ಬದಿಯ ಮನೆಗಳಲ್ಲೇ ಜನ ಸತ್ತರು. ಅದನ್ನು ಕಂಡ ಮೇಲೆ ಹಳೆಯ ದಾರಿಯೇ ಚೆಂದ ಎಂದು ನಾನು ಹೇಳಲಾರೆ.

ಯೆಜ್ಡಿ ತಯಾರಿಕೆ 1996ರಲ್ಲಿ ಮೈಸೂರಿನಲ್ಲಿ ನಿಂತಿತು. 2022ರಲ್ಲಿ ಹೆಸರು ಮತ್ತೆ ಬಂತು. ಅಣ್ಣನ ಮಗನ ಹತ್ತಿರ ಈಗ ಆ ಹೊಸ ಗಾಡಿ ಇದೆ: ಡಿಸ್ಕ್ ಬ್ರೇಕು, ಎಬಿಎಸ್, ಫೋರ್-ಸ್ಟ್ರೋಕ್. ಹೋದ ವರ್ಷ ಅದರ ಮೇಲೆ ಮಾಕಣಿಯ ತೇರಣಾ ಅಣೆಕಟ್ಟಿನ ಕಡೆ ಹೋಗಿದ್ದೆ. ಗಾಡಿ ನನ್ನ ಹಳೆಯದಕ್ಕಿಂತ ಎಲ್ಲ ರೀತಿಯಲ್ಲೂ ಒಳ್ಳೆಯದು. ವಾಲಿಸಿದರೆ ಹೆದರಿಸುವುದಿಲ್ಲ, ಹಿಡಿದರೆ ನಿಲ್ಲುತ್ತದೆ.

ಹೊಲ ಮಾತ್ರ ಬದಲಾಗಿದೆ. ಜ್ವಾಳದ ಜಾಗಕ್ಕೆ ಸೋಯಾಬೀನ್ ಬಂದಿದೆ, ಮೊಣಕಾಲೆತ್ತರ, ಆಚೆ ಕಾಣುತ್ತದೆ. ನೀರಿರುವ ಕಡೆ ಕಬ್ಬು. ಜ್ವಾಳ ಎರಡು ತಿಂಗಳು ತಿರುವು ಮುಚ್ಚುತ್ತಿತ್ತು, ಕಬ್ಬು ವರ್ಷದ ಬಹುಕಾಲ ಮುಚ್ಚುತ್ತದೆ. ಗಾಣದ ಹಂಗಾಮಿನಲ್ಲಿ ಅದರ ಹಿಂದಿನಿಂದ ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್ ಬರುತ್ತದೆ. ರಾತ್ರಿ ಎಷ್ಟೋ ಟ್ರಾಲಿಗೆ ಹಿಂದಿನ ದೀಪವೇ ಇರುವುದಿಲ್ಲ.

ಹುಡುಗರಿಗೆ ಜೋರು ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆ ಸುಖ ನನಗೆ ಗೊತ್ತು. ಹಗಲು ಹೋಗಿ, ಹೆಲ್ಮೆಟ್ ಹಾಕಿ, ಆಚೆ ಕಾಣುವ ತಿರುವಿನಲ್ಲಿ ಹೋಗಿ. ಕಬ್ಬು ನಿಂತ ಕಡೆ ಎರಡನೇ ಗೇರಿಗೆ ಇಳಿಸಿ.