ಗೋಡೆಯೊಳಗಿನ ಹಸಿರು ವೈರು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಮನೆಗೆ ಬಂದವರೆಲ್ಲ ಮಕ್ಕಳನ್ನು ಕೇಳುವುದು ಒಂದೇ ಪ್ರಶ್ನೆ: ‘ಸೈನ್ಸಾ, ಕಾಮರ್ಸಾ?’ ‘ಐಟಿಐ’ ಅಂದರೆ ಸಾಕು, ಮಾತು ಅಲ್ಲಿಗೇ ನಿಂತುಬಿಡುತ್ತೆ. ‘ಹೌದಾ...’ ಅಂತ ಕಾಫಿ ಲೋಟದ ಕಡೆ ನೋಡುತ್ತಾರೆ. ನನ್ನ ವಿಷಯದಲ್ಲೂ ಹಾಗೇ ಆಯಿತು. ಮನೆಯಲ್ಲಿ ಪಿಯುಸಿ ಓದಿಸಲು ತಯಾರಿದ್ದರು. ನನಗೇ ಕೈಯಲ್ಲಿ ಬಿಚ್ಚಿ ನೋಡುವ ಹುಚ್ಚು. ದಾವಣಗೆರೆಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಅಪ್ರೆಂಟಿಸ್ ಕಾಯ್ದೆಯಡಿ ಒಂದು ವರ್ಷದ ತರಬೇತಿಗೆ ಒಂದು ವಿದ್ಯಾಸಂಸ್ಥೆ ಸೇರಿದೆ. ಮೊದಲ ಆರು ತಿಂಗಳು ಅವರ ಹೊಸ ಕಟ್ಟಡದಲ್ಲಿ ವೈರಿಂಗ್, ಆಮೇಲಿನ ಆರು ತಿಂಗಳು ಹಳೇ ಹಾಸ್ಟೆಲಿನಲ್ಲಿ ಮೇಂಟೆನೆನ್ಸ್.

ಐಟಿಐನಲ್ಲಿ ಮರದ ಹಲಗೆಯ ಮೇಲೆ ಸ್ಟೇರ್‌ಕೇಸ್ ವೈರಿಂಗ್, ಗೋಡೌನ್ ವೈರಿಂಗ್ ಎಲ್ಲ ಮಾಡಿ, ಬಲ್ಬ್ ಹೊತ್ತಿಸಿ ಮಾರ್ಕ್ಸ್ ತಗೊಂಡಿದ್ದೆ. ಕಟ್ಟಡಕ್ಕೆ ಹೋದ ಮೇಲೆ ಗೊತ್ತಾಯಿತು, ಅಲ್ಲಿ ವೈರು ಬರುವುದಕ್ಕೆ ಎಷ್ಟೋ ತಿಂಗಳು ಮೊದಲೇ ಎಲೆಕ್ಟ್ರಿಷಿಯನ್ ಕೆಲಸ ಶುರುವಾಗುತ್ತೆ ಅಂತ. ಮೋಲ್ಡ್ ಹಾಕುವ ಹಿಂದಿನ ದಿನ ಕಬ್ಬಿಣದ ಕಂಬಿಗಳ ನಡುವೆ ಪೈಪು ಎಳೆದು, ಕಟ್ಟು ತಂತಿಯಲ್ಲಿ ಬಿಗಿಯಬೇಕು. ಫ್ಯಾನ್ ಬಾಕ್ಸಿನೊಳಗೆ ಕಾಂಕ್ರೀಟ್ ಇಳಿಯದಂತೆ ಕಾಗದ ತುರುಕಬೇಕು. ಮಾರನೇ ದಿನ ಕಾಂಕ್ರೀಟ್ ಸುರಿಯುವಾಗ ಯಾರೂ ಪೈಪ್ ತುಳಿಯದಂತೆ, ವೈಬ್ರೇಟರ್ ತಗಲದಂತೆ ಕಾಯುವುದು ಅಪ್ರೆಂಟಿಸ್ ಕೆಲಸ. ಅಲ್ಲಿ ಒಂದು ಪೈಪ್ ಚಪ್ಪಟೆಯಾದರೆ ಮುಂದೆ ಆ ರೂಮಿಗೆ ವೈರೇ ಹೋಗುವುದಿಲ್ಲ. ಮೋಲ್ಡ್ ಒಡೆದು ಸರಿಮಾಡೋಕೆ ಆಗುತ್ತಾ?

ನಮ್ಮ ಮೇಸ್ತ್ರಿ ಮೂವತ್ತು ವರ್ಷ ಇದೇ ಕೆಲಸ ಮಾಡಿದವರು. ಗೋಡೆಯ ಮೂಲೆಯಲ್ಲಿ ಪೈಪ್ ತಿರುಗಿಸುವಾಗ ಗಿಡ್ಡ ಎಲ್ಬೋ ಹಾಕಲು ಬಿಡುತ್ತಲೇ ಇರಲಿಲ್ಲ. ಉದ್ದನೆಯ ಬೆಂಡೇ ಆಗಬೇಕು. ಎಲ್ಬೋದಲ್ಲಿ ವೈರು ಸಿಕ್ಕಿಕೊಳ್ಳುತ್ತೆ, ಮುಂದೆ ಬದಲಾಯಿಸಲು ಬರುವುದಿಲ್ಲ. ‘ಅಣ್ಣಾ, ಪ್ಲಾಸ್ಟರ್ ಆದ್ಮೇಲೆ ಯಾರು ನೋಡ್ತಾರೆ?’ ಅಂತ ಜೊತೆಗಿದ್ದ ಹುಡುಗ ಕೇಳಿದ. ಮೇಸ್ತ್ರಿ ಅಂದರು: ‘ಹತ್ತು ವರ್ಷ ಬಿಟ್ಟು ಇನ್ನೊಬ್ಬ ಎಲೆಕ್ಟ್ರಿಷಿಯನ್ ನೋಡ್ತಾನೆ ತಮ್ಮಾ. ಅವನ ಕೈಲಿ ಬೈಸ್ಕೋಬ್ಯಾಡ.’

ಆ ಇನ್ನೊಬ್ಬ ನಾನೇ ಆದೆ, ಹಾಸ್ಟೆಲಿಗೆ ಹೋದಾಗ.

ಮೇಂಟೆನೆನ್ಸ್ ಅಂದರೆ ಇನ್ಯಾರೋ ಮಾಡಿದ ಕೆಲಸವನ್ನು ಓದುವುದು. ಯಾವ ಸ್ವಿಚ್ ಯಾವ ದೀಪಕ್ಕೆ, ಎಲ್ಲಿಂದ ಲೈನ್ ಬಂತು, ಯಾವ ಜಾಯಿಂಟ್ ಎಲ್ಲಿ ಅಡಗಿದೆ, ಒಂದಕ್ಕೂ ನಕ್ಷೆ ಇರಲಿಲ್ಲ. ಅಲ್ಲಿ ಮೊದಲು ಕಲಿತದ್ದು ನಂಬದೇ ಇರುವುದನ್ನು. ‘ಕರೆಂಟ್ ಆಫ್ ಮಾಡೀನಿ’ ಅಂತ ಯಾರು ಹೇಳಿದರೂ ನಂಬಬಾರದು; ಜನರೇಟರ್ ಇರುತ್ತೆ, ಇನ್ವರ್ಟರ್ ಇರುತ್ತೆ, ಬೇರೆ ಫೇಸಿನ ಲೈನ್ ಅದೇ ಬಾಕ್ಸಿಗೆ ಬಂದಿರುತ್ತೆ. ಟೆಸ್ಟರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಮೊದಲು ಕರೆಂಟ್ ಇರುವ ಪಾಯಿಂಟಿಗೆ ಇಟ್ಟು ಅದು ಉರಿಯುತ್ತಾ ನೋಡು, ಆಮೇಲೆ ಕೆಲಸ ಮಾಡುವ ವೈರಿಗೆ ಇಡು, ಮತ್ತೆ ಕರೆಂಟ್ ಇರುವ ಪಾಯಿಂಟಿಗೆ ಇಟ್ಟು ನೋಡು. ಮೂರೂ ಆದ ಮೇಲೇ ಕೈ. ಹಳೇ ಬೋರ್ಡಿನ ಕಿಟ್‌ಕ್ಯಾಟ್ ಫ್ಯೂಸ್ ಕಿತ್ತರೆ ಮೇಸ್ತ್ರಿ ಅದನ್ನು ಬೋರ್ಡಿನ ಮೇಲೆ ಇಡುತ್ತಿರಲಿಲ್ಲ, ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ‘ಫ್ಯೂಸ್ ಜೇಬಲ್ಲಿದ್ರ ಜೀವ ಜೇಬಲ್ಲಿದ್ದಂಗ’ ಅನ್ನುವರು.

ಒಂದು ದಿನ ಮೂರನೇ ಮಹಡಿಯ ಹುಡುಗರು ಬಂದು, ಬಾತ್‌ರೂಮಿನ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ ಎಂದರು. ‘ಚಳಿಗೆ ಸ್ನಾನ ತಪ್ಪಿಸ್ಕೊಳ್ಳೋಕೆ ಹೇಳ್ತಾರೆ’ ಎಂದು ವಾರ್ಡನ್ ನಕ್ಕರು. ಮೇಸ್ತ್ರಿ ನಗಲಿಲ್ಲ. ಆ ಕ್ಷಣವೇ ಗೀಸರ್ ಬಂದ್ ಮಾಡಿಸಿ, ನನ್ನ ಕೈಯಲ್ಲಿ ಪ್ಲಗ್ ಪಾಯಿಂಟ್ ಬಿಚ್ಚಿಸಿದರು. ಮೂರು ಪಿನ್ನಿಗೂ ವೈರು ಇತ್ತು: ಕೆಂಪು, ಕಪ್ಪು, ಹಸಿರು. ನೋಡಲು ಎಲ್ಲ ಸರಿ. ಹಸಿರು ವೈರನ್ನು ಸ್ವಲ್ಪ ಎಳೆದೆ. ಹಾಗೇ ಕೈಗೆ ಬಂತು. ಉದ್ದ ಗೇಣೂ ಇರಲಿಲ್ಲ. ಪೈಪಿನೊಳಗೆ ಎಲ್ಲಿಗೂ ಹೋಗದ ತುಂಡು. ಕಂಡರೆ ಸಾಕು ಅಂತ ಯಾರೋ ಸಿಕ್ಕಿಸಿದ್ದು.

ಓದುಗರಿಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಫೇಸು, ನ್ಯೂಟ್ರಲ್ ಎರಡಿದ್ದರೆ ದೀಪ ಉರಿಯುತ್ತೆ, ಗೀಸರ್ ಕಾಯುತ್ತೆ, ಮಿಕ್ಸಿ ತಿರುಗುತ್ತೆ. ಅರ್ತ್ ವೈರು ಇಲ್ಲದಿದ್ದರೂ ಎಲ್ಲವೂ ನಡೆಯುತ್ತೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಗೀಸರಿನ ಕಾಯಿಲ್ ಹಾಳಾಗಿ ಕರೆಂಟು ಹೊರಗಿನ ಲೋಹಕ್ಕೆ ಸೋರಿದ ದಿನ, ಅರ್ತ್ ಇದ್ದರೆ ಅದು ನೆಲಕ್ಕೆ ಹೋಗುತ್ತೆ. ಇಲ್ಲದಿದ್ದರೆ 230 ವೋಲ್ಟು ಕಾಯುತ್ತಾ ನಿಂತಿರುತ್ತೆ, ಒದ್ದೆ ಕೈಯಲ್ಲಿ ಮುಟ್ಟುವವರಿಗಾಗಿ. ಜುಮ್ ಅನ್ನುವುದು ಅದರ ಮೊದಲ ಮಾತು.

ಆ ಮಹಡಿಯ ಪಾಯಿಂಟುಗಳನ್ನೆಲ್ಲ ಮೀಟರ್ ಹಿಡಿದು ನೋಡಿದೆವು. ಇನ್ನೂ ನಾಲ್ಕು ಕಡೆ ಅದೇ ಕಥೆ. ಪುಣ್ಯಕ್ಕೆ ಪೈಪು ಹಾಕಿದವರು ಉದ್ದನೆಯ ಬೆಂಡ್ ಕೊಟ್ಟಿದ್ದರು. ಸ್ಪ್ರಿಂಗ್ ಬಿಟ್ಟು ಹೊಸ ಹಸಿರು ವೈರು ಎಳೆದೆವು, ಗೋಡೆ ಒಡೆಯದೆ ಎರಡು ದಿನದಲ್ಲಿ ಮುಗಿಯಿತು. ಒಂದೇ ಗೋಡೆಯಲ್ಲಿ ಒಬ್ಬನ ನಿಯತ್ತೂ ಇತ್ತು, ಇನ್ನೊಬ್ಬನ ಮೋಸವೂ ಇತ್ತು. ಇಬ್ಬರ ಮುಖವನ್ನೂ ನಾನು ನೋಡಿಲ್ಲ.

ಈಗ ನಾನೇ ಮನೆಗಳ ವೈರಿಂಗ್ ಮಾಡಿಸುತ್ತೇನೆ. ಟೈಲ್ಸ್, ಗ್ರಾನೈಟ್ ಆರಿಸಲು ವಾರಗಟ್ಟಲೆ ಓಡಾಡುವ ಮನೆಯವರು ವೈರಿನ ವಿಷಯಕ್ಕೆ ಬಂದರೆ ‘ಸ್ವಲ್ಪ ಕಮ್ಮಿ ಮಾಡ್ರೀ’ ಅನ್ನುತ್ತಾರೆ. ಕಾಣುವುದಕ್ಕೆ ಖರ್ಚು, ಕಾಣದ್ದಕ್ಕೆ ಚೌಕಾಶಿ. ಅವರಿಗೆ ಮೂರು ಮಾತು ಹೇಳುತ್ತೇನೆ, ನಿಮಗೂ ಹೇಳುತ್ತಿದ್ದೇನೆ.

ಒಂದು, ಎಂಸಿಬಿ ಇದ್ದ ಮಾತ್ರಕ್ಕೆ ಸಾಲದು. ಅದು ವೈರು ಸುಡದಂತೆ ಕಾಯುತ್ತೆ. ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ಅದು ತೂಗುತ್ತಲೇ ಇರುತ್ತೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ತಟಕ್ಕನೆ ಕಡಿಯುತ್ತೆ. ಅದರ ಮೇಲಿನ ‘ಟಿ’ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಬೀಳದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ಎರಡು, ಅರ್ತ್ ಪಿನ್ ಮುರಿದು ಎರಡು ಪಿನ್ನಿನ ಪ್ಲಗ್ ಮಾಡಿಕೊಳ್ಳಬೇಡಿ. ಗೀಸರ್, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮಷಿನ್ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ಮನೆಯ ಅಜ್ಜಿ ಹೇಳಿದರೂ, ಮಗು ಹೇಳಿದರೂ ನಗಬೇಡಿ. ಮೊದಲು ಬಂದ್ ಮಾಡಿ.

ಮೂರು, ಮನೆ ಕಟ್ಟಿಸುತ್ತಿದ್ದರೆ ಪ್ಲಾಸ್ಟರಿಗೆ ಮುಂಚೆ ಒಂದೊಂದು ಗೋಡೆಯ ಫೋಟೊ ತೆಗೆದು, ಮನೆಪತ್ರದ ಜೊತೆ ಇಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ, ರಿಪೇರಿಗೆ ಬಂದ ಹುಡುಗನಿಗೆ ದಾರಿ ತೋರಿಸುವಾಗ ಅದರ ಬೆಲೆ ಗೊತ್ತಾಗುತ್ತೆ.

ಹಾಗೇ ಆ ಹುಡುಗ ಮೂರು ಸಲ ಟೆಸ್ಟರ್ ಇಟ್ಟು ನೋಡುತ್ತಿದ್ದರೆ ‘ಎಷ್ಟೊತ್ತಪ್ಪಾ?’ ಅಂತ ಅವಸರ ಮಾಡಬೇಡಿ. ಅವನು ಸರಿಯಾಗಿ ಕಲಿತಿದ್ದಾನೆ ಅಂತ ಅರ್ಥ.