ದೋಷಾದೋಷ ವಿಚಾರ: ಷರೀಫರ ಪದವೂ ಒಂದು ರಾಕ್ ಆಲ್ಬಮ್ಮೂ

ಶ್ರೀವಿಜಯನ 'ಕವಿರಾಜಮಾರ್ಗ'ದ ಮೊದಲ ಪರಿಚ್ಛೇದಕ್ಕೆ 'ದೋಷಾದೋಷಾನುವರ್ಣನ ನಿರ್ಣಯ'ವೆಂದು ಹೆಸರು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಈ ಲಕ್ಷಣಗ್ರಂಥವನ್ನು ಬಸವೇಶ್ವರನಗರದ ಕನ್ನಡ ಅಧ್ಯಾಪಕರೊಬ್ಬರು ಮೂವತ್ತು ವರ್ಷ ಪಾಠ ಹೇಳಿದವರು. ಸಂಸ್ಕೃತ ಕನ್ನಡಗಳನ್ನು ವಿವೇಚನೆಯಿಲ್ಲದೆ ಸಮಾಸಗೊಳಿಸುವುದು ಕಾಯ್ದ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರೆಸಿದಂತೆ ಎಂಬ ಉಪಮೆ ಅವರಿಗೆ ಬಹಳ ಪ್ರಿಯವಾಗಿತ್ತು. ತರಗತಿಯಲ್ಲಿ ಮಾತ್ರವಲ್ಲ, ಮನೆಯಲ್ಲಿಯೂ ಅದನ್ನು ಬಳಸುತ್ತಿದ್ದರು. ಒಮ್ಮೆ ಅದನ್ನು ಮಗಳ ಪ್ರಬಂಧದ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದರು.

ಅದು 2008. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರವನ್ನೂ ಭರತನಾಟ್ಯವನ್ನೂ ಕಲಿತ ರಘು ದೀಕ್ಷಿತರ ಮೊದಲ ಆಲ್ಬಮ್ ಹೊರಬಂದ ವರ್ಷ. ಕನ್ನಡ, ಹಿಂದಿ, ಇಂಗ್ಲಿಷ್ ಮೂರು ಭಾಷೆಗಳ ಹಾಡುಗಳಿದ್ದ ಆ ಸಂಪುಟದಲ್ಲಿ ಶಿಶುನಾಳ ಷರೀಫರ ಎರಡು ತತ್ತ್ವಪದಗಳೂ ಇದ್ದವು: ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ಬಿ.ಎ. ಓದುತ್ತಿದ್ದ ಮಗಳು ಅದರ ಮೇಲೆ ಹನ್ನೆರಡು ಪುಟಗಳ ಪ್ರಬಂಧ ಬರೆದು ತಂದೆಗೆ ಕೊಟ್ಟಳು. ಮೊದಲೆರಡು ಪುಟಗಳು ಇಂಗ್ಲೆಂಡಿನ 'ಡೀಪ್ ಪರ್ಪಲ್' ತಂಡದ 1972ರ 'ಮಷೀನ್ ಹೆಡ್' ಆಲ್ಬಮ್ಮನ್ನು ಕುರಿತಿದ್ದವು. ಮೂರನೆಯ ಪುಟದಲ್ಲಿ ಅಧ್ಯಾಪಕರು ಅಡ್ಡಗೆರೆ ಎಳೆದು ಹಾಲು–ಮಜ್ಜಿಗೆಯ ಮಾತು ಬರೆದು ಹಿಂದಿರುಗಿಸಿದರು. ಮಗಳು ವಾದಿಸಲಿಲ್ಲ. ಆದರೆ ಆಮೇಲೆ ತಾನು ಬರೆದ ಯಾವುದನ್ನೂ ಅವರಿಗೆ ತೋರಿಸಲೂ ಇಲ್ಲ.

ಅಧ್ಯಾಪಕರ ಕೋಪಕ್ಕೆ ಕಾರಣವಿತ್ತು. ಅವರ ತಾಯಿ ಶಿಗ್ಗಾಂವಿ ಸೀಮೆಯವರು. ಶಿಶುನಾಳ ಅದೇ ತಾಲ್ಲೂಕಿನ ಊರು. ಗಂಡನ ಕಾರ್ಖಾನೆ ಕೆಲಸದಿಂದಾಗಿ ರಾಜಾಜಿನಗರಕ್ಕೆ ಬಂದು ನೆಲೆಸಿದ ಮೇಲೂ ನಸುಕಿನಲ್ಲಿ ಆ ಪದಗಳನ್ನೇ ಹಾಡಿಕೊಳ್ಳುತ್ತಿದ್ದರು. ಗಿಟಾರು, ಡ್ರಮ್ಮುಗಳ ನಡುವೆ ಅದೇ ಪದ ಕೇಳಿದಾಗ ಯಾರೋ ಮನೆಯ ಪಾತ್ರೆಯನ್ನು ಬೀದಿಗೆ ತಂದಿಟ್ಟಂತೆ ಅವರಿಗೆ ಅನ್ನಿಸಿತು.

ತಾಯಿ 2011ರಲ್ಲಿ ತೀರಿಕೊಂಡರು. ಅವರ ದನಿಯನ್ನು ಯಾರೂ ಮುದ್ರಿಸಿಕೊಂಡಿರಲಿಲ್ಲ. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಒಂದು ಮಳೆಗಾಲ, ನೀರು ಜಿನುಗುತ್ತಿದ್ದ ಅಟ್ಟದಿಂದ ಪುಸ್ತಕಗಳನ್ನು ಇಳಿಸುವಾಗ ಆ ಪ್ರಬಂಧ ಸಿಕ್ಕಿತು. ಅಧ್ಯಾಪಕರು ತಮ್ಮ ಕೆಂಪು ಗೆರೆಯನ್ನು ದಾಟಿ ಮೊದಲ ಬಾರಿಗೆ ಮುಂದೆ ಓದಿದರು. ಏಳನೆಯ ಪುಟದಿಂದ ಕೊನೆಯವರೆಗೆ ಇದ್ದದ್ದು ಅಜ್ಜಿಯ ಹಾಡುಗಾರಿಕೆಯ ವಿವರ. ಅಜ್ಜಿ ಯಾವ ಶಬ್ದದ ಮೇಲೆ ಉಸಿರು ತೆಗೆದುಕೊಳ್ಳುತ್ತಾರೆ, ಪಲ್ಲವಿಗೆ ಎಲ್ಲಿ ಮರಳುತ್ತಾರೆ, ಎಲ್ಲಿ ದನಿ ತಗ್ಗಿಸಿ ಮಾತಿನ ಹಾಗೆ ಹೇಳುತ್ತಾರೆ ಎಂದು ಮಗಳು ಎದುರು ಕುಳಿತು ಕೇಳಿ ಗುರುತು ಹಾಕಿಕೊಂಡಿದ್ದಳು.

ಅದರಲ್ಲಿ ಅವರು ಮರೆತಿದ್ದ ಒಂದು ಸಂಗತಿಯೂ ಇತ್ತು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಷರೀಫ' ಚಿತ್ರ ಬಂದಾಗ ಅಜ್ಜಿ ಸಿ. ಅಶ್ವತ್ಥರ ಸಂಯೋಜನೆ ಕೇಳಿ, "ಇದಕ್ಕ ಇಷ್ಟ್ ವಾದ್ಯ ಯಾಕ ಬೇಕಪಾ? ಪದಾನ ಕೇಳಸವಲ್ದು" ಎಂದಿದ್ದರಂತೆ. ಆಗ ಅಶ್ವತ್ಥರ ಪರವಾಗಿ ಹಠ ಹಿಡಿದು ವಾದಿಸಿದವರು ಇದೇ ಅಧ್ಯಾಪಕರು. ನಗರದ ಕಿವಿಗೆ ಅಶ್ವತ್ಥರ ಧಾಟಿಯೇ ಮೂಲವೆನಿಸಿತು. ಆ ತಾಯಿಗೆ ಅದೂ ಹೊಸದೇ ಆಗಿತ್ತು. ಹದಿನೆಂಟು ವರ್ಷಗಳ ತರುವಾಯ ಮಗ ತಾಯಿಯ ಮಾತನ್ನೇ ಮಗಳಿಗೆ ಹೇಳಿದ್ದರು, ಶಾಸ್ತ್ರದ ಆಧಾರ ಸೇರಿಸಿ.

ಪ್ರಬಂಧದ ವಿಮರ್ಶೆ ಅಭಿಮಾನದ ಹೊಗಳಿಕೆಯಾಗಿರಲಿಲ್ಲ. 'ಮಷೀನ್ ಹೆಡ್'ನ ಹೋಲಿಕೆ ಬಂದದ್ದು ಆಲ್ಬಮ್‌ನ ದೋಷವನ್ನು ತೋರಿಸಲಿಕ್ಕೆ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಮುದ್ರಣಕ್ಕೆ ಗೊತ್ತಾಗಿದ್ದ ಕ್ಯಾಸಿನೊ ಸುಟ್ಟುಹೋದಾಗ ಆ ತಂಡದವರು ಬರಿದಾಗಿದ್ದ ಹೋಟೆಲೊಂದರ ಓಣಿಗಳಲ್ಲಿ ವಾದ್ಯಗಳನ್ನಿಟ್ಟು ಹಾಡಿದರು. ಅವರ ಏಳು ಹಾಡುಗಳಿಗೆ ಒಂದೇ ಉಸಿರಿದೆ. ರಘು ದೀಕ್ಷಿತರ ಸಂಪುಟದಲ್ಲಿ ಅಂಥ ಏಕಸೂತ್ರವಿಲ್ಲ. ಪ್ರೇಮಗೀತೆಯ ನೆರೆಯಲ್ಲಿ ತತ್ತ್ವಪದ ಅತಿಥಿಯಂತೆ ಕುಳಿತಿದೆ. ಗುಡುಗುಡಿಯ ಪದದಲ್ಲಿ ಮನಸ್ಸು ಸಂಚಿ, ಮೋಹ ಭಂಗಿ, ಬುದ್ಧಿ ಬೆಂಕಿ. ಕುಣಿಸುವ ಲಯದಲ್ಲಿ ಪಲ್ಲವಿಯೇ ಮುಂದಾಗಿ ಈ ರೂಪಕ ಹಿಂದೆ ಸರಿಯುತ್ತದೆ, ಕೇಳುವವನಿಗೆ ಸೇದುವ ಮೋಜಷ್ಟೇ ಉಳಿಯುವ ಅಪಾಯವಿದೆ. ಆದರೆ ಆ ಪದದ ನಗೆ ಷರೀಫರದೇ. ಭಾವಗೀತೆಯ ಗಾಂಭೀರ್ಯದಲ್ಲಿ ಮಂಕಾಗಿದ್ದ ಆ ಚೇಷ್ಟೆಯನ್ನು ಈ ಹುರುಪಿನ ಗಾಯನ ಮರಳಿ ತಂದಿದೆ. ಸೋರುವ ಮಾಳಿಗೆಯ ಪದದಲ್ಲಿಯಂತೂ ತೆರೆದ ಕಂಠ ದೇಹವೆಂಬ ಮನೆಯ ಅಸಹಾಯಕತೆಯನ್ನು ಮರೆಮಾಡುವುದಿಲ್ಲ. ಹಾಡು ಮುಗಿದ ಮೇಲೆ ಅಜ್ಜಿ, "ಇವಗ ಮನಿ ಸೋರೂದು ಗೊತ್ತೈತಿ" ಎಂದರು ಎಂಬಲ್ಲಿಗೆ ಪ್ರಬಂಧ ಮುಗಿದಿತ್ತು.

ಮರುದಿನ ಅಧ್ಯಾಪಕರು ಕೆಂಗೇರಿ ಉಪನಗರದಲ್ಲಿರುವ ಮಗಳ ಮನೆಗೆ ಹೋದರು. ಪ್ರಬಂಧವನ್ನು ಮೇಜಿನ ಮೇಲಿಟ್ಟು, ಮೂರನೆಯ ಪುಟದಾಚೆಗೆ ತಾವು ಅಂದು ಓದಿರಲಿಲ್ಲವೆಂದು ಹೇಳಿದರು.

"ಗೊತ್ತಿತ್ತು ಅಪ್ಪ" ಎಂದಳು ಮಗಳು. "ಓದಿದ್ದರೆ ಅಜ್ಜಿಯ ವಿಷಯ ನೀವು ಕೇಳದೆ ಇರುತ್ತಿರಲಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಅವಳೇ ಅಂಚಿನ ಕೆಂಪು ಬರಹವನ್ನು ಓದಿ ನಕ್ಕಳು. "ಕಾಯ್ದ ಹಾಲಿಗೆ ಮಜ್ಜಿಗೆ ಬಿದ್ದರೆ ಒಡೆಯುತ್ತದೆ, ಸರಿ. ಅದೇ ಹಾಲು ಉಗುರುಬೆಚ್ಚಗಾದ ಮೇಲೆ ಅಜ್ಜಿ ದಿನಾ ರಾತ್ರಿ ಅದೇ ಮಜ್ಜಿಗೆಯಿಂದ ಹೆಪ್ಪು ಹಾಕುತ್ತಿರಲಿಲ್ಲವೇ?"

ಅಧ್ಯಾಪಕರು ಉತ್ತರಿಸಲಿಲ್ಲ. ದೇಸಿಗಳು ಬೇರೆ ಬೇರೆಯಾದ್ದರಿಂದ ಕನ್ನಡಗಳ ದೋಷ ಇಷ್ಟೆಂದು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸರಗೊಂಡಾನು ಎಂದು ಶ್ರೀವಿಜಯನೇ ಹೇಳಿದ್ದಾನೆ. 'ಕನ್ನಡಂಗಳ್' ಎಂಬ ಅವನ ಬಹುವಚನವನ್ನು ಅವರು ಪ್ರತಿವರ್ಷ ವಿದ್ಯಾರ್ಥಿಗಳಿಗೆ ವಿವರಿಸಿದ್ದವರು. ಆದರೂ ಸಂಪುಟಕ್ಕೆ ಏಕಸೂತ್ರವಿಲ್ಲವೆಂಬ ಆಕ್ಷೇಪವನ್ನು ಅವರು ಬಿಡಲಿಲ್ಲ. ಮಗಳೂ ಅದನ್ನು ಒಪ್ಪಿದ್ದಳಷ್ಟೆ.

ಹೊರಡುವ ಮೊದಲು ಅವರು ಏಳನೆಯ ಪುಟ ತೆರೆದು, ಮಗಳು ಗುರುತು ಹಾಕಿದ ಉಸಿರಿನ ಜಾಗಗಳಲ್ಲಿ ನಿಲ್ಲುತ್ತ, ತಾಯಿಯ ಧಾಟಿಯಲ್ಲಿ ಆ ಪದವನ್ನು ಹೇಳಲು ತೊಡಗಿದರು. ಎರಡನೆಯ ನುಡಿಯಲ್ಲಿ ತಪ್ಪಿದರು. ಮಗಳು ತಿದ್ದಿದಳು.